ನ್ಯಾಯಾಲಯದಿಂದ ತರಗತಿಗೆ ಬಂದ ಪರಿಸರ ಪಾಠ

ಪದವಿ ತರಗತಿಯಲ್ಲಿ ನಿಮ್ಮಲ್ಲಿ ಬಹಳಷ್ಟು ಮಂದಿ ಪರಿಸರ ಅಧ್ಯಯನದ ಪತ್ರಿಕೆ ಬರೆದಿರುತ್ತೀರಿ. ಅದು ಕಡ್ಡಾಯವಾದದ್ದು ಹೇಗೆಂದು ಬಲ್ಲಿರಾ?

1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯು ಪರಿಸರ ರಕ್ಷಣೆಯನ್ನು ಪ್ರಜೆಯ ಮೂಲಭೂತ ಕರ್ತವ್ಯವಾಗಿಸಿತು. 1984ರ ಭೋಪಾಲ್ ದುರಂತದ ಬಳಿಕ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯಿದೆ ಬಂತು. ಆದರೆ ಜನರಲ್ಲಿ ಅರಿವಿಲ್ಲದಿದ್ದರೆ ಕಾಯಿದೆಯಿಂದ ಏನು ಫಲ? ವಕೀಲ ಎಂ. ಸಿ. ಮೆಹ್ತಾ ಸುಪ್ರೀಂ ಕೋರ್ಟಿನ ಮೊರೆಹೋದರು. 1991ರ ನವೆಂಬರ್ 22ರಂದು ನ್ಯಾಯಾಲಯವು ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂಬ ತತ್ತ್ವವನ್ನು ಒಪ್ಪಿತು.

ಅದು ಪದವಿಯ ಪಠ್ಯವಾಗಲು ಸುಮಾರು ಹನ್ನೆರಡು ವರ್ಷ ಹಿಡಿಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಆಗ ರೂಪಿಸಿದ ಪಠ್ಯಕ್ರಮದಲ್ಲಿ 8 ಘಟಕ, 50 ಉಪನ್ಯಾಸಗಳಿದ್ದವು. ನೀರು, ಕಾಡು, ಜೀವಿವೈವಿಧ್ಯಗಳ ಜೊತೆಗೆ ಕಾಯಿದೆಗಳೂ ಇದ್ದವು. 100 ಅಂಕಗಳಲ್ಲಿ 25 ಕ್ಷೇತ್ರಕಾರ್ಯಕ್ಕೆ ಮೀಸಲಾಗಿದ್ದವು.

ಈ 25 ಅಂಕಗಳಲ್ಲೇ ವಿಷಯದ ಜೀವಾಳವಿದೆ. ಒಂದು ಉದಾಹರಣೆ ನೋಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ವ್ಯತ್ಯಾಸ ಅಲ್ಪವೆನಿಸುತ್ತದೆ, ಆದರೆ ಡೆಸಿಬೆಲ್ ಲಾಗರಿದಮ್ ಮಾನವಾದ್ದರಿಂದ ಶಬ್ದದ ತೀವ್ರತೆಯಲ್ಲಿ ಅದು ಹತ್ತು ಪಟ್ಟು! ಇದನ್ನು ಅರಿಯದವರು ನಿಯಮವನ್ನು ಬಾಯಿಪಾಠ ಮಾಡಿಯಾರು, ಅದಕ್ಕಾಗಿ ವಾದಿಸಲಾರರು.

ಅಧ್ಯಾಪಕ ಮಿತ್ರರೇ, ಒಮ್ಮೆಯಾದರೂ ಮಕ್ಕಳನ್ನು ಮಾಪಕದೊಂದಿಗೆ ರಸ್ತೆಗೆ ಕರೆದೊಯ್ಯಿರಿ. ಅಳೆದ ಮೇಲೆ ಕಾಯಿದೆ ಓದಲಿ.