ಟಸ್ಕೀಗಿ: ಯಾರು ಮನೆಯವರು, ಯಾರು ನೆಂಟರು?

ಹೋದ ವಾರ ನಮ್ಮ ಕೇರಿಯ ತಮಟೆ ತಂಡದ ಹುಡುಗರು ಮನೆಗೆ ಬಂದಿದ್ರು. ಬೆಂಗಳೂರಿನ ಒಂದು ಸ್ಟುಡಿಯೋದವರು ಕರೆದಿದ್ದಾರಂತೆ. ಹಳೇ ಹಾಡುಗಳನ್ನ ಹೆಸರಾಂತ ಗಾಯಕರ ಕೈಲಿ ಹಾಡಿಸಿ ಆಲ್ಬಂ ಮಾಡ್ತಾರೆ, ತಮಟೆ ನಮ್ಮ ಹುಡುಗರದ್ದು. ಪೋಸ್ಟರ್ ತೋರಿಸಿದ್ರು. ಗಾಯಕರ ಫೋಟೋ ಐದು. ಕೆಳಗೆ ಸಣ್ಣ ಅಕ್ಷರದಲ್ಲಿ 'ಮತ್ತು ತಮಟೆ ತಂಡ'. ಹೆಸರಿಲ್ಲ, ಊರಿಲ್ಲ. "ಹೋಗೋದಾ ಬೇಡ್ವಾ ಅಣ್ಣ?" ಅಂದ್ರು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಫೋನಲ್ಲಿ ಅಮೆರಿಕದ ಒಂದು ಆಲ್ಬಂ ಹಾಕಿ ಕೇಳಿಸಿದೆ. ಅವತ್ತು ಅದರ ಕತೆ ಅರ್ಧಕ್ಕೇ ನಿಂತಿತು. ಪೂರ್ತಿ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಆಲ್ಬಂ ಹೆಸರು 'ಟಸ್ಕೀಗಿ'. ಬಂದಿದ್ದು 2012ರ ಮಾರ್ಚ್‌ನಲ್ಲಿ. ಹಾಡಿದವರು ಲಯೊನೆಲ್ ರಿಚಿ, ಕಪ್ಪು ಗಾಯಕ. 70ರ, 80ರ ದಶಕದಲ್ಲಿ ತಾನೇ ಬರೆದು ಹಾಡಿ ಗೆದ್ದ ಹಾಡುಗಳನ್ನ ಮತ್ತೆ ತಗೊಂಡು, ಒಂದೊಂದು ಹಾಡಿಗೂ ಕಂಟ್ರಿ ಸಂಗೀತದ ಒಬ್ಬೊಬ್ಬ ತಾರೆಯನ್ನ ಜೊತೆಗೆ ಕರೆದು ಹಾಡಿದ್ರು. ವಿಲ್ಲಿ ನೆಲ್ಸನ್, ಕೆನ್ನಿ ರೋಜರ್ಸ್, ಶನಾಯ ಟ್ವೇನ್, ಟಿಮ್ ಮೆಕ್‌ಗ್ರಾ, ಹೀಗೆ ಒಟ್ಟು 13 ಹಾಡು. ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ ನೆತ್ತಿಗೆ ಹೋಯ್ತು. ಅಮೆರಿಕದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯ್ತು. 1986ರ ನಂತರ ರಿಚಿಗೆ ಸಿಕ್ಕ ಮೊದಲ ನಂಬರ್ ಒನ್ ಅದು.

ಕಂಟ್ರಿ ಅಂದ್ರೆ ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಹಾಡು. ಹೊಲ, ಚರ್ಚು, ರೈಲು, ಕುಡಿತ, ಮುರಿದ ಪ್ರೀತಿ. ಜನರ ತಲೆಯಲ್ಲಿ ಕೂತಿರೋ ಚಿತ್ರ ಮಾತ್ರ ದೊಡ್ಡ ಟೋಪಿ ಹಾಕ್ಕೊಂಡ ಬಿಳಿ ಗಂಡಸಿನದು. ಹಾಗಾಗಿ 2012ರಲ್ಲಿ ಬಹಳ ಜನ, ಕಪ್ಪು ಗಾಯಕನೊಬ್ಬ ಬಿಳಿಯರ ಸಂಗೀತಕ್ಕೆ ನೆಂಟನಾಗಿ ಹೋದ ಅಂತ ತಿಳಿದ್ರು. ನನ್ನ ತಕರಾರು ಇರೋದೇ ಅಲ್ಲಿ. ಆ ಮನೆ ಕಟ್ಟಿದವರು ಯಾರು?

ಬ್ಯಾಂಜೊ ಇಲ್ಲದ ಹಳೇ ಕಂಟ್ರಿ ಇಲ್ಲ. ಆ ಬ್ಯಾಂಜೊ ಆಫ್ರಿಕಾದ್ದು. ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಎಳೆದು ಅದನ್ನ ಮಾಡಿದವರು ಹಡಗಿನಲ್ಲಿ ಸರಪಳಿ ಹಾಕಿ ತಂದ ಗುಲಾಮರು. ಚರ್ಮ ಬಿಗಿಯೋದು ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 19ನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳ್ಕೊಂಡು, ಕಪ್ಪು ಜನರನ್ನ ಅಣಕಿಸುತ್ತಾ ಅದೇ ಬ್ಯಾಂಜೊ ನುಡಿಸಿ ದುಡ್ಡು ಮಾಡಿದ್ರು. ವಾದ್ಯ ಬೇಕು, ವಾದ್ಯದವನು ಬೇಡ.

1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ದಕ್ಷಿಣಕ್ಕೆ ಬಂದ್ವು. ಅಲ್ಲಿ ಬಿಳಿ ಬಡವರೂ ಕಪ್ಪು ಬಡವರೂ ಹೆಚ್ಚುಕಮ್ಮಿ ಒಂದೇ ಹಾಡು ಹಾಡ್ತಿದ್ರು, ಒಬ್ಬರಿಂದ ಒಬ್ಬರು ಕಲೀತಿದ್ರು. ಕಂಪನಿಯವರು ಎರಡು ಕಪಾಟು ಮಾಡಿದ್ರು. ಕಪ್ಪು ಜನರದ್ದಕ್ಕೆ 'ರೇಸ್ ರೆಕಾರ್ಡ್ಸ್', ಬಿಳಿಯರದ್ದಕ್ಕೆ 'ಹಿಲ್‌ಬಿಲಿ'. ಈ ಎರಡನೇ ಕಪಾಟೇ ಮುಂದೆ 'ಕಂಟ್ರಿ' ಆಯ್ತು. ಹಾಡಿನೊಳಗೆ ಇಲ್ಲದ ಗೋಡೆಯನ್ನ ಅಂಗಡಿಯವನು ಕಟ್ಟಿದ.

ಆ ಗೋಡೆ ದಾಟಿದವನ ಗತಿ ಏನಾಯ್ತು? ಡಿಫೋರ್ಡ್ ಬೈಲಿ ಅಂತ ಒಬ್ಬರಿದ್ರು. ಗುಲಾಮನಾಗಿದ್ದವರ ಮೊಮ್ಮಗ. ಎಳವೆಯಲ್ಲೇ ಪೋಲಿಯೊ ಬಂದು ಕುಳ್ಳಗೆ, ಬಡಕಲಾಗಿ ಬೆಳೆದವರು. ಹಾರ್ಮೋನಿಕಾದಲ್ಲಿ ರೈಲನ್ನೇ ಓಡಿಸ್ತಿದ್ರು. ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೊ ಕಾರ್ಯಕ್ರಮ ಕಂಟ್ರಿಯ ದೇವಸ್ಥಾನ ಇದ್ದ ಹಾಗೆ. 1927ರಲ್ಲಿ ಬೈಲಿ ನುಡಿಸಿ ಮುಗಿಸಿದ ಬೆನ್ನಲ್ಲೇ ಅದಕ್ಕೆ ಆ ಹೆಸರು ಬಿತ್ತು. ಜನ ಸೇರ್ತಿದ್ದುದು ಅವರಿಗಾಗಿ. ಊರೂರು ತಿರುಗುವಾಗ ಮಾತ್ರ ಜೊತೆಗಾರರ ಹೋಟೆಲಿನಲ್ಲಿ ಅವರಿಗೆ ಹಾಸಿಗೆ ಇಲ್ಲ, ಊಟ ಇಲ್ಲ.

ಇದನ್ನ ಓದುವಾಗ ನಮ್ಮಪ್ಪ ನೆನಪಾದ್ರು. ಊರಬ್ಬದಲ್ಲಿ ಅವರ ತಮಟೆ ಏಟು ಬಿದ್ದ ಮೇಲೇ ತೇರು ಕದಲ್ತಾ ಇದ್ದಿದ್ದು. ಊಟದ ಹೊತ್ತಿಗೆ ಜಾಗ ಬೇರೆ, ಲೋಟ ಬೇರೆ.

1941ರಲ್ಲಿ ಬೈಲಿಯನ್ನ ಕೆಲಸದಿಂದ ತೆಗೆದ್ರು. ಸೋಮಾರಿ ಅಂತ ಆಮೇಲೆ ಬರೆದೂ ಇಟ್ಟರು. ಬೈಲಿ ನ್ಯಾಶ್‌ವಿಲ್‌ನಲ್ಲೇ ಶೂ ಪಾಲಿಶ್ ಅಂಗಡಿ ಹಾಕ್ಕೊಂಡು ಬದುಕಿದ್ರು. ತೀರಿಕೊಂಡಿದ್ದು 1982ರಲ್ಲಿ. 'ಕಂಟ್ರಿ ಹಾಲ್ ಆಫ್ ಫೇಮ್'ನಲ್ಲಿ ಹೆಸರು ಹಾಕಿದ್ದು 2005ರಲ್ಲಿ. ಸತ್ತ ಮೇಲೆ ಸನ್ಮಾನ ಮಾಡೋ ಚಾಳಿ ನಮ್ಮಲ್ಲಷ್ಟೇ ಇಲ್ಲ ಬಿಡಿ.

ಕಂಟ್ರಿಯ ಬಹುದೊಡ್ಡ ಹೆಸರು ಹ್ಯಾಂಕ್ ವಿಲಿಯಮ್ಸ್. ಅವರಿಗೆ ಗಿಟಾರ್ ಹೇಳಿಕೊಟ್ಟವರು ರೂಫಸ್ ಪೇನ್ ಅನ್ನೋ ಕಪ್ಪು ಬೀದಿ ಹಾಡುಗಾರ. ಶಿಷ್ಯನಿಗೆ ಪ್ರತಿಮೆ ಎದ್ದಿತು, ಗುರು ಬಡತನದಲ್ಲೇ ಹೋದ್ರು. 1966ರಲ್ಲಿ ಚಾರ್ಲಿ ಪ್ರೈಡ್ ಬಂದ್ರು, ಮಿಸಿಸಿಪ್ಪಿಯ ಪಾಲುಗಾರ ರೈತನ ಮಗ. ಬಣ್ಣ ಗೊತ್ತಾದ್ರೆ ರೇಡಿಯೊದವರು ಹಾಕಲ್ಲ ಅಂತ ಕಂಪನಿ ಅವರ ಮೊದಲ ರೆಕಾರ್ಡನ್ನ ಫೋಟೋ ಇಲ್ಲದೆ ಕಳಿಸಿತು. ಐದೇ ವರ್ಷದಲ್ಲಿ, 1971ರಲ್ಲಿ, ಅವರು ಕಂಟ್ರಿಯ 'ವರ್ಷದ ಕಲಾವಿದ'. ಜಾತಿ ತಿಳಿಯದ ಹಾಗೆ ಹೆಸರು ಬದಲಾಯಿಸಿ ಬಾಡಿಗೆ ಮನೆ ಹುಡುಕಿದ ನಮ್ಮವರಿಗೆ ಆ ಫೋಟೋ ಇಲ್ಲದ ಕವರ್ ಚೆನ್ನಾಗಿ ಅರ್ಥ ಆಗುತ್ತೆ.

ಈಗ ಮತ್ತೆ ರಿಚಿ ಹತ್ತಿರ ಬರೋಣ. ಟಸ್ಕೀಗಿ ಅಲಬಾಮಾ ರಾಜ್ಯದ ಒಂದು ಪುಟ್ಟ ಊರು. ಗುಲಾಮನಾಗಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ 1881ರಲ್ಲಿ ಅಲ್ಲಿ ಕಪ್ಪು ಮಕ್ಕಳಿಗಾಗಿ ಶಾಲೆ ಕಟ್ಟಿ ಬೆಳೆಸಿದ್ರು. ಅದೇ ಸುತ್ತಮುತ್ತ 1932ರಿಂದ 1972ರವರೆಗೆ, ಅಂದ್ರೆ 40 ವರ್ಷ, ಸರ್ಕಾರದ ಆರೋಗ್ಯ ಇಲಾಖೆ ಸುಮಾರು 600 ಬಡ ಕಪ್ಪು ಗಂಡಸರ ಮೇಲೆ ಪ್ರಯೋಗ ನಡೆಸಿತು. ಸಿಫಿಲಿಸ್ ಇದ್ದವರಿಗೆ ರೋಗ ಏನು ಅಂತ ಹೇಳಲಿಲ್ಲ. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಮೈ ತಿನ್ನೋದನ್ನ ನೋಡ್ತಾ ಕೂತ್ರು. ಅಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ.

1949ರಲ್ಲಿ ಹುಟ್ಟಿದ ರಿಚಿ ಬೆಳೆದದ್ದು ಆ ವಿದ್ಯಾಸಂಸ್ಥೆಯ ಆವರಣದಲ್ಲಿ. ಅಲ್ಲೇ ಓದುವಾಗ ಗೆಳೆಯರ ಜೊತೆ 'ಕಮೊಡೋರ್ಸ್' ತಂಡ ಕಟ್ಟಿದ್ರು. ಮನೆ ರೇಡಿಯೊದಲ್ಲಿ ಸೋಲ್ ಸಂಗೀತದ ಜೊತೆ ಕಂಟ್ರಿಯೂ ಬರ್ತಿತ್ತು, ಅದೂ ಆ ಹುಡುಗನ ಊರಿನ ಸದ್ದೇ. 1980ರಲ್ಲಿ ಅವರು 'ಲೇಡಿ' ಬರೆದು ಕೆನ್ನಿ ರೋಜರ್ಸ್‌ಗೆ ಕೊಟ್ಟರು. ಅದು ಕಂಟ್ರಿ ಪಟ್ಟಿಯಲ್ಲೇ ನಂಬರ್ ಒನ್. ಕಪ್ಪು ಮನುಷ್ಯ ಬರೆದ ಹಾಡು ಬಿಳಿ ಬಾಯಲ್ಲಿ ಬಂದಾಗ ಕಂಟ್ರಿ ಆಯ್ತು, ಅವನ ಬಾಯಲ್ಲಿದ್ದಾಗ 'ಪಾಪ್', 'ಸೋಲ್'. ಸ್ವರ ಅವೇ, ಕಪಾಟು ಬೇರೆ.

ಇದೆಲ್ಲ ತಿಳಿದು 2012ರ ಆಲ್ಬಂ ಕೇಳಿ. ರಿಚಿ ಅದಕ್ಕೆ ನ್ಯಾಶ್‌ವಿಲ್‌ನ ಹೆಸರಿಡಲಿಲ್ಲ. ತನ್ನೂರಿನ ಹೆಸರಿಟ್ಟರು. ಹಾಡು ತನ್ನವು, ಹೆಸರು ತನ್ನದು, ಬಂದವರು ನೆಂಟರು. 'ಲೇಡಿ'ಯನ್ನ ಅದೇ ಕೆನ್ನಿ ರೋಜರ್ಸ್ ಜೊತೆ ಹಾಡೋದನ್ನ ಕೇಳಿದಾಗ, ಕೊಟ್ಟ ಸಾಲ ಮನೆಗೆ ವಾಪಸ್ ಬಂದಂಗೆ ಅನ್ನಿಸುತ್ತೆ.

ಹಾಗಂತ ಹೊಗಳಿ ಅಟ್ಟಕ್ಕೇರಿಸೋದೂ ಬೇಡ. ಅಷ್ಟು ಅತಿಥಿಗಳಲ್ಲಿ ಕಪ್ಪು ಗಾಯಕ ಒಬ್ಬರೇ, ಡೇರಿಯಸ್ ರಕರ್. ರಿಚಿ ಒಳಗೆ ಹೋದ್ರು, ಬಾಗಿಲು ಮತ್ತೆ ಮುಚ್ಕೊಂಡಿತು. 2019ರಲ್ಲಿ ಲಿಲ್ ನಾಸ್ ಎಕ್ಸ್ ಅನ್ನೋ ಹುಡುಗನ 'ಓಲ್ಡ್ ಟೌನ್ ರೋಡ್' ಹಾಡನ್ನ ಇದು ಕಂಟ್ರಿ ಅಲ್ಲ ಅಂತ ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೀತು. 2024ರಲ್ಲಿ ಬಿಯಾನ್ಸೆ ಬೇರೆ ದಾರಿ ಹಿಡಿದ್ರು. 'ಕೌಬಾಯ್ ಕಾರ್ಟರ್' ಆಲ್ಬಮಿಗೆ ವಿಲ್ಲಿ ನೆಲ್ಸನ್, ಡಾಲಿ ಪಾರ್ಟನ್ ಬಂದ್ರು. ಅವರ ಪಕ್ಕದಲ್ಲೇ, ಆಪ್ರಿ ವೇದಿಕೆಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಹೆಣ್ಣುಮಗಳು ಲಿಂಡಾ ಮಾರ್ಟೆಲ್‌ರನ್ನ ಕೂರಿಸಿದ್ರು, ನಾಲ್ವರು ಎಳೆಯ ಕಪ್ಪು ಹಾಡುಗಾರ್ತಿಯರನ್ನೂ ಕರೆತಂದ್ರು. ಬ್ಯಾಂಜೊ ನುಡಿಸಿದ್ದು ರಿಯಾನನ್ ಗಿಡನ್ಸ್, ಕಪ್ಪು ಹೆಣ್ಣುಮಗಳು. 2025ರಲ್ಲಿ ಅದಕ್ಕೆ ಅತ್ಯುತ್ತಮ ಕಂಟ್ರಿ ಆಲ್ಬಂ ಗ್ರ್ಯಾಮಿ ಬಂತು. ಕಪ್ಪು ಕಲಾವಿದರಿಗೆ ಆ ಪ್ರಶಸ್ತಿ ಅದೇ ಮೊದಲು.

ಎಲ್ಲಿಯ ಅಲಬಾಮಾ, ಎಲ್ಲಿಯ ನಮ್ಮ ಕೇರಿ ಅಂತ ಕೇಳೋರಿಗೆ ಒಂದು ಮಾತು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕ ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದ್ರು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ ದಲಿತ ಪ್ಯಾಂಥರ್ಸ್ ಕಟ್ಟಿದ್ರು. ಈ ನೆಂಟಸ್ತಿಕೆ ಹಳೇದು.

ಹುಡುಗರಿಗೆ ನಿನ್ನೆ ಫೋನ್ ಮಾಡಿ ಹೇಳಿದೆ. ಹೋಗ್ರೋ. ದುಡಿಮೆ ಬಿಡಬೇಡಿ. ಆದ್ರೆ ಹೋಗೋ ಮುಂಚೆ ಕಾಗದದ ಮೇಲೆ ಮೂರು ವಿಷಯ ಬರೆಸ್ಕೊಳ್ಳಿ. ಒಂದು, ಪ್ರತಿಯೊಬ್ಬನ ಹೆಸರು, ಊರಿನ ಹೆಸರು ಕವರ್ ಮೇಲೆ ಬರಬೇಕು. ಎರಡು, ಒಂದು ಸಲದ ಕೂಲಿ ಸಾಲದು, ರಾಯಲ್ಟಿ ಬೇಕು. ಇದು ಭಿಕ್ಷೆ ಅಲ್ಲ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕಾಪಿರೈಟ್ ಕಾನೂನಿನಲ್ಲೇ ಕಲಾವಿದನಿಗೆ ಎರಡೂ ಇದೆ: 38ಎ ಕಲಮಿನಲ್ಲಿ ರಾಯಲ್ಟಿ, 38ಬಿ ಕಲಮಿನಲ್ಲಿ ಹೆಸರು ಹಾಕಿಸಿಕೊಳ್ಳೋ ಹಕ್ಕು. ಮೂರು, ಆಲ್ಬಮಿನಲ್ಲಿ ಒಂದು ಹಾಡಾದ್ರೂ ನಮ್ಮ ಕೇರಿಯ ಹೆಣ್ಣುಮಕ್ಕಳ ಬಾಯಲ್ಲಿ ಬರಬೇಕು.

ಒಪ್ಪದಿದ್ರೆ? ಒಬ್ಬ ಹುಡುಗ ಕೇಳಿದ. ಒಪ್ಪದಿದ್ರೆ ತಮಟೆ ನಮ್ಮ ಹತ್ರಾನೇ ಇರುತ್ತಲ್ಲ, ನಾವೇ ಆಲ್ಬಂ ಮಾಡೋಣ, ನಮ್ಮೂರ ಹೆಸರಿಡೋಣ, ಅವರನ್ನೇ ಹಾಡೋಕೆ ಕರೆಯೋಣ ಅಂದೆ. ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ನಿಮ್ಮ ಕಡೆ ಹೀಗೆ ಹೆಸರಿಲ್ಲದೆ ನುಡಿಸಿದ, ಹಾಡಿದ ಹಿರಿಯರಿದ್ರೆ ಅವರನ್ನ ಕೇಳಿ, ಒಪ್ಪಿದ್ರೆ ಹೆಸರು, ಊರು ಕೆಳಗೆ ಬರೀರಿ. ನಾವಾದ್ರೂ ಬರೆದಿಡೋಣ.

ಜೈ ಭೀಮ್.