ಚಳ್ಳಕೆರೆ–ಮೊಳಕಾಲ್ಮೂರು ಪ್ರದೇಶದ ಶೇಂಗಾ ತಳಿಗಳ ರೋಗ ನಿರೋಧಕತೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಮಧ್ಯ ಒಣ ವಲಯಕ್ಕೆ ಸೇರಿದ ಮಳೆಯಾಶ್ರಿತ ಪ್ರದೇಶಗಳಾಗಿವೆ. ಇಲ್ಲಿನ ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ಮುಂಗಾರಿನ ಪ್ರಮುಖ ಬೆಳೆ ಶೇಂಗಾ. ಇಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ತಳಿಗಳು ಬರಕ್ಕೆ ಹೊಂದಿಕೊಂಡಿದ್ದರೂ ಎಲೆ ರೋಗಗಳಿಗೆ ಸುಲಭವಾಗಿ ತುತ್ತಾಗುತ್ತವೆ.

== ರೂಢಿಯ ತಳಿ ==
ಟಿ.ಎಂ.ವಿ.-2 ತಳಿಯನ್ನು ತಮಿಳುನಾಡಿನ ತಿಂಡಿವನಂನಲ್ಲಿ 'ಗುಡಿಯಾತ್ತಂ ಬಂಚ್' ಎಂಬ ತಳಿಯಿಂದ ಆಯ್ಕೆ ಮಾಡಿ 1940ರಲ್ಲಿ ಬಿಡುಗಡೆ ಮಾಡಲಾಯಿತು. ಇದು ಗೊಂಚಲು ಮಾದರಿಯ ಅಲ್ಪಾವಧಿ ತಳಿ. ರೈತರು ಇದರ ಬೀಜವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದರಿಂದ ಇದು ನಾಟಿ ತಳಿಯಂತೆಯೇ ನೆಲೆಯೂರಿದೆ. ಆದರೆ ಎಲೆಚುಕ್ಕೆ ಮತ್ತು ತುಕ್ಕು ರೋಗಗಳನ್ನು ತಡೆಯುವ ಶಕ್ತಿ ಇದಕ್ಕೆ ಇಲ್ಲ.

== ಪ್ರಮುಖ ರೋಗಗಳು ==
* '''ಎಲೆಚುಕ್ಕೆ (ಟಿಕ್ಕಾ) ರೋಗ:''' ಶಿಲೀಂಧ್ರದಿಂದ ಬರುತ್ತದೆ. ಮುಂಚಿನ ಮತ್ತು ತಡವಾದ ಎಲೆಚುಕ್ಕೆ ಎಂಬ ಎರಡು ವಿಧಗಳಿವೆ. ತಡವಾದ ಎಲೆಚುಕ್ಕೆಯಲ್ಲಿ ಎಲೆಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳು ಮೂಡಿ ಎಲೆಗಳು ಉದುರುತ್ತವೆ.
* '''ತುಕ್ಕು ರೋಗ:''' ಎಲೆಯ ಕೆಳಭಾಗದಲ್ಲಿ ಕಿತ್ತಳೆ ಬಣ್ಣದ ಗುಳ್ಳೆಗಳು ಏಳುತ್ತವೆ. ಎಲೆಗಳು ಒಣಗಿದರೂ ಗಿಡದಲ್ಲೇ ಉಳಿಯುತ್ತವೆ.
* '''ನಂಜುರೋಗಗಳು:''' ಕುಡಿ ಸಾಯುವ ರೋಗ ಮತ್ತು ಕಾಂಡ ಸಾಯುವ ರೋಗಗಳು ಥ್ರಿಪ್ಸ್ ನುಸಿಗಳ ಮೂಲಕ ಹರಡುತ್ತವೆ. 2000ದಲ್ಲಿ ನೆರೆಯ ಅನಂತಪುರ ಜಿಲ್ಲೆಯಲ್ಲಿ ಕಾಂಡ ಸಾಯುವ ರೋಗವು ಸಾಂಕ್ರಾಮಿಕವಾಗಿ ಹಬ್ಬಿ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದ ಬೆಳೆಯನ್ನು ಬಾಧಿಸಿತು.

== ನಿರೋಧಕತೆಯ ಮೂಲ ==
ಬೇಸಾಯದ ಶೇಂಗಾದಲ್ಲಿ 40 ವರ್ಣತಂತುಗಳಿದ್ದು, ಅದರ ಬಹುತೇಕ ಕಾಡು ಬಂಧುಗಳಲ್ಲಿ 20 ಮಾತ್ರ ಇವೆ. ಈ ವ್ಯತ್ಯಾಸದಿಂದ ನೇರ ಸಂಕರಣ ಕಷ್ಟಸಾಧ್ಯ. ಬೇಸಾಯದ ಶೇಂಗಾದ ಅನುವಂಶೀಯ ವೈವಿಧ್ಯ ಕಡಿಮೆಯಾದ್ದರಿಂದ, ಎಲೆ ರೋಗ ನಿರೋಧಕತೆಗಾಗಿ ತಜ್ಞರು ದಕ್ಷಿಣ ಅಮೆರಿಕದ ಕಾಡು ಪ್ರಭೇದಗಳತ್ತ, ಮುಖ್ಯವಾಗಿ ''ಅರಾಕಿಸ್ ಕಾರ್ಡೆನಾಸಿ''ಯತ್ತ ತಿರುಗಿದರು.

ಧಾರವಾಡ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ಪ್ರಭೇದದ ಅಂಶವುಳ್ಳ ತಳಿಯನ್ನು ಕೆ.ಆರ್.ಜಿ.-1ರೊಂದಿಗೆ ಸಂಕರಿಸಿ ಜಿ.ಪಿ.ಬಿ.ಡಿ.-4 ಎಂಬ ತಳಿಯನ್ನು ಅಭಿವೃದ್ಧಿಪಡಿಸಿತು. ಇದು ತಡವಾದ ಎಲೆಚುಕ್ಕೆ ಮತ್ತು ತುಕ್ಕು ಎರಡನ್ನೂ ತಡೆಯುತ್ತದೆ. ನಿರೋಧಕ ಗಿಡಗಳಲ್ಲಿ ಚುಕ್ಕೆಗಳು ತಡವಾಗಿ, ಕಡಿಮೆ ಸಂಖ್ಯೆಯಲ್ಲಿ ಮೂಡುತ್ತವೆ. ಅವುಗಳಿಂದ ಹೊರಬೀಳುವ ಬೀಜಕಣಗಳೂ ಕಡಿಮೆ. ಈ ಗುಣವನ್ನು ಅನುವಂಶೀಯ ಗುರುತುಗಳ ನೆರವಿನಿಂದ ಟಿ.ಎಂ.ವಿ.-2ಕ್ಕೆ ಸೇರಿಸುವ ಕೆಲಸವೂ ಧಾರವಾಡದಲ್ಲಿ ನಡೆದಿದೆ. ಇದರಿಂದ ಪರಿಚಿತ ತಳಿಯ ಗುಣಗಳನ್ನು ಕಳೆದುಕೊಳ್ಳದೆ ರೋಗ ನಿರೋಧಕತೆಯನ್ನು ಪಡೆಯಬಹುದು.

== ಮಹತ್ವ ಮತ್ತು ಮಿತಿಗಳು ==
ಕುರಿ ಮತ್ತು ದನ ಸಾಕಣೆ ವ್ಯಾಪಕವಾಗಿರುವ ಈ ಸೀಮೆಯಲ್ಲಿ ಶೇಂಗಾ ಬಳ್ಳಿಯು ಮುಖ್ಯ ಮೇವು. ಎಲೆ ಉದುರಿದ ಬೆಳೆಯಲ್ಲಿ ಕಾಯಿಯ ಇಳುವರಿಯೊಂದಿಗೆ ಮೇವಿನ ಗುಣಮಟ್ಟವೂ ಕುಸಿಯುತ್ತದೆ. ನಿರೋಧಕ ತಳಿಯಲ್ಲಿ ಕೊಯ್ಲಿನವರೆಗೂ ಹಸಿರೆಲೆ ಉಳಿಯುವುದರಿಂದ ಎರಡೂ ದಕ್ಕುತ್ತವೆ.

ಒಂದು ರೋಗಕ್ಕೆ ನಿರೋಧಕವಾದ ತಳಿ ಎಲ್ಲ ರೋಗಗಳನ್ನೂ ತಡೆಯುವುದಿಲ್ಲ. ಕದಿರಿ-3 ತಳಿಯು ಕುಡಿ ಸಾಯುವ ರೋಗವನ್ನು ಹೊಲದ ಮಟ್ಟದಲ್ಲಿ ಸಹಿಸಿಕೊಳ್ಳುತ್ತದೆಯಾದರೂ ಎಲೆಚುಕ್ಕೆಗೆ ತುತ್ತಾಗುತ್ತದೆ. ಆದ್ದರಿಂದ ತಳಿಯ ಆಯ್ಕೆಯ ಜೊತೆಗೆ ಟ್ರೈಕೋಡರ್ಮಾದಿಂದ ಬೀಜೋಪಚಾರ, ಹೊಲದ ಅಂಚಿಗೆ ಜೋಳ ಅಥವಾ ಸಜ್ಜೆಯ ಸಾಲುಗಳು, ಹೂ ಬಿಡುವ ಮೊದಲೇ ಪಾರ್ಥೇನಿಯಂ ಕಳೆಯನ್ನು ಕೀಳುವುದು ಮುಂತಾದ ಕ್ರಮಗಳನ್ನು ಶಿಫಾರಸು ಮಾಡಲಾಗುತ್ತದೆ. ಪಾರ್ಥೇನಿಯಂ ಪರಾಗವು ಕಾಂಡ ಸಾಯುವ ರೋಗದ ನಂಜನ್ನು ಹೊತ್ತಿರುತ್ತದೆ.