ಎರಡು ಬ್ಯಾಟರಿಗಳ ಕಾರು

ಎಂ.ಜಿ. ಎಂಬ ಎರಡಕ್ಷರ ಕಿವಿಗೆ ಬಿದ್ದರೆ ನಮ್ಮವರಿಗೆ ನೆನಪಾಗುವುದು ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆ. ಇಂಗ್ಲೆಂಡಿನ ಹಿರಿಯರಿಗೆ ಹಾಗಲ್ಲ. ಅವರ ಕಣ್ಣ ಮುಂದೆ ಬರುವುದು ಛಾವಣಿಯಿಲ್ಲದ, ಇಬ್ಬರು ಮಾತ್ರ ಕೂರಬಲ್ಲ, ನೆಲಕ್ಕೆ ತಗ್ಗಿದ ಪುಟ್ಟ ಕಾರು. ಆಕ್ಸ್‌ಫರ್ಡ್ ಪಟ್ಟಣದಲ್ಲಿ ವಿಲಿಯಂ ಮಾರಿಸ್ ಅವರಿಗೆ ಸೇರಿದ್ದ ‘ಮಾರಿಸ್ ಗ್ಯಾರೇಜಸ್’ ಎಂಬ ಮಳಿಗೆಯ ಮೊದಲಕ್ಷರಗಳೇ ಈ ಎಂ.ಜಿ. ಅಲ್ಲಿನ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೆ ಹೊಸ ಮೈಕಟ್ಟು ತೊಡಿಸಿ ಮಾರತೊಡಗಿದ್ದರಿಂದ ಈ ಹೆಸರು ಹುಟ್ಟಿತು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 1966ರಲ್ಲಿ ತಯಾರಾದ ಎಂ.ಜಿ.ಬಿ. ಕಾರೊಂದನ್ನು ಕೊಂಡಿದ್ದಾನೆ. ಅದರ ಬ್ಯಾಟರಿ ಸತ್ತಿದೆ. ಬ್ಯಾಟರಿ ಎಂದೆನೆ? ಬ್ಯಾಟರಿಗಳು ಎನ್ನಬೇಕು, ಏಕೆಂದರೆ ಅದರಲ್ಲಿರುವುದು ಎರಡು. “ಮೇಷ್ಟ್ರೇ, ಎರಡನ್ನೂ ತೆಗೆದು ಒಂದೇ ದೊಡ್ಡದನ್ನು ಹಾಕಿಬಿಡಿ ಎನ್ನುತ್ತಾರೆ ಕೆಲವರು, ಹಾಗೆ ಮಾಡಿದರೆ ಕಾರಿನ ಕುಲಗೆಟ್ಟಿತು ಎನ್ನುತ್ತಾರೆ ಇನ್ನು ಕೆಲವರು. ಹತ್ತನೆಯ ತರಗತಿಯಲ್ಲಿ ನೀವು ಹೇಳಿಕೊಟ್ಟ ಸರಣಿ ಜೋಡಣೆಯ ಪಾಠ ನೆನಪಾಯಿತು” ಎಂದು ಬರೆದಿದ್ದಾನೆ. ಕಾರು ಓಡಿಸಲು ಬಾರದ ನನ್ನನ್ನು ಅವನು ಕೇಳಿದ್ದು ವಿನೋದವೇ ಸರಿ. ಆದರೆ ಪ್ರಶ್ನೆ ಕಾರಿನದಲ್ಲ, ವಿದ್ಯುತ್ತಿನದು ಮತ್ತು ಇತಿಹಾಸದ್ದು. ಆದ್ದರಿಂದ ಅವನಿಗೆ ಬರೆದದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಎಲ್ಲರಿಗಾಗಿ ಇಡುತ್ತಿದ್ದೇನೆ.

ಎಂ.ಜಿ.ಬಿ. ಬಿಡುಗಡೆಯಾದದ್ದು 1962ರಲ್ಲಿ. ಆಕ್ಸ್‌ಫರ್ಡಿಗೆ ಸಮೀಪದ ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದರ ಹೃದಯವಾದ 1798 ಸಿ.ಸಿ. ಎಂಜಿನ್ ನಮಗೆ ಸಂಪೂರ್ಣ ಅಪರಿಚಿತವೇನಲ್ಲ. ನಮ್ಮ ಹಳೆಯ ಅಂಬಾಸಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಕೂಡ ಅದೇ ‘ಬಿ ಸರಣಿ’ಯ ವಂಶಕ್ಕೆ ಸೇರಿದ್ದು. ಅಣ್ಣ ಇಲ್ಲಿ ಮಂತ್ರಿಗಳನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತು ತಿರುಗುತ್ತಿದ್ದಾಗ ತಮ್ಮ ಅಲ್ಲಿ ಕಡಲತೀರದ ರಸ್ತೆಗಳಲ್ಲಿ ಗಾಳಿ ಕುಡಿಯುತ್ತಿದ್ದ.

ಇನ್ನು ಬ್ಯಾಟರಿಯ ವಂಶಾವಳಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಎರಡು ತಗಡುಗಳನ್ನು ಒಂದಕ್ಕೊಂದು ತಾಗದಂತೆ ನಡುವೆ ಹೊದಿಕೆಯಿಟ್ಟು, ಚಾಪೆಯಂತೆ ಸುರುಳಿ ಸುತ್ತಿ, ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿದ. ಅದಕ್ಕೆ ವಿದ್ಯುತ್ತನ್ನು ಊಡಿದರೆ ಹಿಡಿದಿಟ್ಟುಕೊಂಡು, ಬೇಕಾದಾಗ ಹಿಂದಿರುಗಿಸುತ್ತಿತ್ತು. ಆವರೆಗಿನ ಕೋಶಗಳು ಒಮ್ಮೆ ಖಾಲಿಯಾದರೆ ಮುಗಿಯಿತು. ಇದನ್ನು ಮಾತ್ರ ಮತ್ತೆ ಮತ್ತೆ ತುಂಬಬಹುದಾಗಿತ್ತು. 1881ರಲ್ಲಿ ಕಮಿಲ್ ಫೋರ್ ಎಂಬಾತ ಸೀಸದ ಸಂಯುಕ್ತಗಳ ಲೇಪವನ್ನು ಫಲಕಗಳಿಗೆ ಬಳಿದು ಅದರ ಸಾಮರ್ಥ್ಯವನ್ನು ಬಹಳ ಹೆಚ್ಚಿಸಿದ. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ಪೆಟ್ರೋಲಿನದಲ್ಲ, ಇಂಥ ಸೀಸದ ಬ್ಯಾಟರಿಗಳದು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಬೆಲ್ಜಿಯಂ ದೇಶದ ಕಮಿಲ್ ಜೆನಾಟ್ಜಿ 1899ರಲ್ಲಿ ಈ ಸಾಹಸ ಮಾಡಿದ.

ಪೆಟ್ರೋಲ್ ಕಾರಿಗೆ ಬ್ಯಾಟರಿ ಅನಿವಾರ್ಯವಾದದ್ದು 1912ರ ಬಳಿಕ. ಅಲ್ಲಿಯವರೆಗೆ ಮುಂಭಾಗದಲ್ಲಿ ನಿಂತು ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುವುದು ಸಾಮಾನ್ಯವಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಒದಗಿಸಿದರು. ಅದಕ್ಕೂ ಮೊದಲು ಅವರು ಅಂಗಡಿಗಳಲ್ಲಿ ಹಣ ಎಣಿಸುವ ಯಂತ್ರಕ್ಕೆ ಮೋಟಾರು ಜೋಡಿಸುವ ಕೆಲಸ ಮಾಡಿದ್ದರು. ದಿನವಿಡೀ ದುಡಿಯುವ ಮೋಟಾರು ಬೇರೆ, ಕ್ಷಣಮಾತ್ರ ಶಕ್ತಿಮೀರಿ ದುಡಿದು ಸುಮ್ಮನಾಗುವ ಮೋಟಾರು ಬೇರೆ. ಎರಡನೆಯದು ಚಿಕ್ಕದಾಗಿದ್ದರೂ ಸಾಕು ಎಂಬುದನ್ನು ಅವರು ಕಂಡುಕೊಂಡದ್ದು ಆ ಯಂತ್ರದಿಂದಲೇ. ಕಾರಿನ ಬ್ಯಾಟರಿಯ ಸ್ವಭಾವವೂ ಅದೇ. ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಸುರಿಸಬೇಕು, ಬಳಿಕ ನಿಧಾನವಾಗಿ ಮರುಪೂರಣಗೊಳ್ಳಬೇಕು.

ಹಾಗಾದರೆ ಎಂ.ಜಿ.ಬಿ.ಯಲ್ಲಿ ಎರಡೇಕೆ? ಕಾರಿನ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದು. ಆದರೆ ಒಳಗಿರುವುದು 6 ವೋಲ್ಟಿನ ಎರಡು ಬ್ಯಾಟರಿಗಳು, ಸರಣಿಯಲ್ಲಿ ಜೋಡಿಸಿದವು. ಇದು ಅದಕ್ಕೂ ಹಿಂದಿನ, 1955ರ ಎಂ.ಜಿ.ಎ. ಕಾರಿನಿಂದ ಬಂದ ಬಳುವಳಿ. ಕಾರು ತಗ್ಗಾಗಿರಬೇಕು, ಭಾರ ನೆಲದ ಸಮೀಪ ಇರಬೇಕು, ಮುಂದಿನ ಎಂಜಿನ್ನಿನ ತೂಕಕ್ಕೆ ಹಿಂದೆ ಒಂದಿಷ್ಟು ಸಮತೋಲ ಇರಬೇಕು. ಹೀಗೆಂದು ಬ್ಯಾಟರಿಯನ್ನು ಆಸನಗಳ ಹಿಂಬದಿಯ ನೆಲದಡಿಗೆ ಇಳಿಸಿದರು. ಆದರೆ ಅಲ್ಲಿ ನಟ್ಟನಡುವೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ ತಿರುಗುತ್ತಿರುತ್ತದೆ. ಆ ಕಾಲದ 12 ವೋಲ್ಟಿನ ದಪ್ಪ ಬ್ಯಾಟರಿಗೆ ಅದರ ಎಡಕ್ಕಾಗಲಿ ಬಲಕ್ಕಾಗಲಿ ಎಡೆಯಿಲ್ಲ. ಆದ್ದರಿಂದ ದಂಡದ ಇಕ್ಕೆಲಗಳಲ್ಲಿ ಒಂದೊಂದು ಕಬ್ಬಿಣದ ತೊಟ್ಟಿಲು ಕಟ್ಟಿ, ಒಂದೊಂದರಲ್ಲಿ 6 ವೋಲ್ಟಿನದನ್ನು ಕೂರಿಸಿದರು. ಯೋಚಿಸಿದರೆ ಇದು ಸಹಜವೇ. ಸೀಸದ ಒಂದು ಕೋಶ ಸುಮಾರು 2 ವೋಲ್ಟ್ ಕೊಡುತ್ತದೆ. 12 ವೋಲ್ಟಿನ ಬ್ಯಾಟರಿಯೆಂದರೆ ಆರು ಕೋಶಗಳ ಸರಣಿ. ಅದನ್ನು ನಡುವೆ ಕತ್ತರಿಸಿ ಮೂರು ಮೂರಾಗಿ ಎರಡು ಕಡೆ ಇಟ್ಟಂತೆ, ಅಷ್ಟೇ. ಆ ದಿನಗಳಲ್ಲಿ 6 ವೋಲ್ಟಿನ ಕಾರುಗಳು ರಸ್ತೆಯ ತುಂಬ ಇದ್ದುದರಿಂದ ಅಂಥ ಬ್ಯಾಟರಿಗಳು ಎಲ್ಲೆಡೆ ಸುಲಭವಾಗಿ ಸಿಗುತ್ತಿದ್ದವು. ಇಂದಿನ ತೊಡಕಿನ ಮೂಲವೂ ಇಲ್ಲೇ ಇದೆ. 6 ವೋಲ್ಟಿನ ಕಾರುಗಳು ಮಾಯವಾದವು, ಬ್ಯಾಟರಿಗಳು ವಿರಳವೂ ದುಬಾರಿಯೂ ಆದವು.

ಇಲ್ಲಿ ಹಳೆಯ ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಪ್ರತಿಯೊಂದೂ 60 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಟ್ಟು ಎಷ್ಟು? 120 ಎಂದವರು ಬೆಂಚಿನ ಮೇಲೆ ನಿಲ್ಲಿ. ಸರಣಿಯಲ್ಲಿ ವಿಭವಾಂತರ ಕೂಡುತ್ತದೆ, ಆಂಪಿಯರ್-ಗಂಟೆ ಕೂಡುವುದಿಲ್ಲ; 60 ಆಗಿಯೇ ಉಳಿಯುತ್ತದೆ. ಎರಡು ಬ್ಯಾಟರಿಗಳಿರುವುದರಿಂದ ಈ ಕಾರಿಗೆ ಇಮ್ಮಡಿ ಶಕ್ತಿಯೆಂದು ತಿಳಿದವರು ಬಹಳ ಮಂದಿ, ಹಾಗೇನೂ ಇಲ್ಲ. ಬದಲಿಗೆ ತೊಂದರೆ ಇಮ್ಮಡಿ. ಬಿಗಿಯಬೇಕಾದ ಸಂಪರ್ಕಗಳು ಎರಡರ ಬದಲು ನಾಲ್ಕು. ಬ್ಯಾಟರಿಯಿಂದ ಮುಂದಿನ ಸ್ಟಾರ್ಟರಿನವರೆಗೆ ತಂತಿಯೂ ಉದ್ದ. ದಾರಿಯಲ್ಲಿ ಒಂದು ಓಮಿನ ಸಾವಿರದ ಐದು ಭಾಗದಷ್ಟು ರೋಧವಿದ್ದರೂ, 200 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಆದ್ದರಿಂದ ಹೊಸ ಬ್ಯಾಟರಿ ಕೊಳ್ಳುವ ಮೊದಲು ಹಳೆಯ ಸಂಪರ್ಕಗಳನ್ನೆಲ್ಲ ಉಜ್ಜಿ, ಬಿಗಿದು, ಒಮ್ಮೆ ಪರೀಕ್ಷಿಸುವಂತೆ ಅವನಿಗೆ ಬರೆದೆ. ಎಷ್ಟೋ ಬ್ಯಾಟರಿಗಳು ಸಾಯದೆಯೇ ಸತ್ತವೆಂದು ಘೋಷಿತವಾಗುತ್ತವೆ. ಪೂರ್ಣ ತುಂಬಿದ 12 ವೋಲ್ಟಿನ ಜೋಡಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಅಂದರೆ ಒಂದೊಂದೂ 6.3. ಒಂದು 6.3, ಇನ್ನೊಂದು 5.8 ಇದ್ದರೆ ದೋಷಿ ಯಾರೆಂದು ಅಲ್ಲೇ ತಿಳಿಯುತ್ತದೆ. ಆಗಲೂ ಒಂದನ್ನೇ ಬದಲಿಸುವುದು ಜಾಣತನವಲ್ಲ. ಮುದಿ ಎತ್ತಿನೊಂದಿಗೆ ಹೋರಿಯನ್ನು ನೊಗಕ್ಕೆ ಕಟ್ಟಿದಂತೆ, ದುರ್ಬಲವಾದದ್ದು ಪ್ರತಿಬಾರಿಯೂ ಮೊದಲು ಬರಿದಾಗಿ ಜೋಡಿಯನ್ನೇ ಕೆಡಿಸುತ್ತದೆ.

ಇದೇ ಕಾಲದ ಇನ್ನೊಂದು ಕಾರನ್ನು ಹೋಲಿಸಿ ನೋಡುವುದು ಸ್ವಾರಸ್ಯಕರ. ಜರ್ಮನಿಯ ಪೋರ್ಷೆ 911 ಕಾರಿಗೆ ಎಂಜಿನ್ ಇರುವುದು ಹಿಂಬದಿಯಲ್ಲಿ. ಆದ್ದರಿಂದ ಮುಂಭಾಗ ಹಗುರ, ತಿರುವಿನಲ್ಲಿ ಬಾಲ ಬೀಸುವ ಚಾಳಿ. 1969ರ ಮಾದರಿಯಿಂದ 1973ರ ಮಾದರಿಯವರೆಗೆ ಅವರು ಮುಂದಿನ ಎರಡು ಮೂಲೆಗಳಲ್ಲಿ ಒಂದೊಂದು ಬ್ಯಾಟರಿ ಇಟ್ಟರು. ಇಲ್ಲಿಯೂ ಎರಡು, ಆದರೆ ಎರಡೂ 12 ವೋಲ್ಟಿನವು, ಸಮಾಂತರ ಜೋಡಣೆ! ಇಲ್ಲಿ ಆಂಪಿಯರ್-ಗಂಟೆಗಳು ಕೂಡುತ್ತವೆ, ವೋಲ್ಟ್ ಕೂಡುವುದಿಲ್ಲ. ಇಂಗ್ಲಿಷರಿಗೆ ಸ್ಥಳದ ಅಭಾವ, ಜರ್ಮನರಿಗೆ ತೂಕದ ಅಗತ್ಯ. 911ರ ಒಡೆಯ ಎರಡನ್ನು ತೆಗೆದು ಒಂದನ್ನಿಟ್ಟರೆ ಕಾರಿನ ನಡಿಗೆಯನ್ನೇ ತುಸು ಬದಲಿಸಿದಂತೆ. ಎಂ.ಜಿ.ಬಿ.ಯವನಿಗೆ ಆ ಭಯ ಅಷ್ಟಿಲ್ಲ. ಪಾಠ ಹೇಳುವ ದಿನಗಳಲ್ಲಿ ಈ ಜೋಡಿ ನನಗೆ ತಿಳಿದಿದ್ದರೆ ಬಲ್ಬಿನ ಚಿತ್ರಗಳನ್ನು ಬಿಟ್ಟು ಇವನ್ನೇ ಹಲಗೆಯ ಮೇಲೆ ಬರೆಯುತ್ತಿದ್ದೆ.

ನನ್ನ ಅಭಿಪ್ರಾಯ ಕೇಳಿದರೆ, ಓಡಿಸಲೆಂದೇ ಇಟ್ಟುಕೊಂಡ ಎಂ.ಜಿ.ಬಿ.ಗೆ 12 ವೋಲ್ಟಿನ ಒಂದೇ ಬ್ಯಾಟರಿ ಸಾಕು. ಇದರಿಂದ ಕುಲಗೆಡುವುದೇನೂ ಇಲ್ಲ. 1974ರ ಕೊನೆಯ ಭಾಗದಿಂದ ಕಾರ್ಖಾನೆಯವರೇ ಒಂದೇ ಬ್ಯಾಟರಿಗೆ ಬದಲಾದರು. ಈಗಿನ ಬ್ಯಾಟರಿಗಳು ಅದೇ ಶಕ್ತಿಗೆ ಹಿಂದಿನವಕ್ಕಿಂತ ಚಿಕ್ಕವು. ಒಂದು ತೊಟ್ಟಿಲಿನಲ್ಲೇ ಹಿಡಿಸುವಂಥವು ಸಿಗುತ್ತವೆ. ಪ್ರದರ್ಶನದಲ್ಲಿ ಬಹುಮಾನ ಬಯಸುವವರ ಮಾತು ಬೇರೆ. ಅವರಿಗೆ ಟಾರಿನ ಮೇಲ್ಮೈಯ ಕಪ್ಪು ರಬ್ಬರ್ ಪೆಟ್ಟಿಗೆಗಳು ಜೋಡಿಯಾಗಿಯೇ ಕಾಣಬೇಕು.

ಆದರೆ ಅಳತೆ ಪಟ್ಟಿ ಹಿಡಿಯದೆ ಅಂಗಡಿಗೆ ಹೋಗಬಾರದು. ಉದ್ದ ಅಗಲಕ್ಕಿಂತ ಎತ್ತರ ಮುಖ್ಯ, ಏಕೆಂದರೆ ಮೇಲೆ ಮುಚ್ಚುವುದು ಲೋಹದ ತಗಡು. ಬ್ಯಾಟರಿಯ ಕಂಬ ಒಂದಿಷ್ಟು ಎತ್ತರವಾಗಿ ತಗಡಿಗೆ ತಾಗಿದರೆ ಕ್ಷಣಾರ್ಧದಲ್ಲಿ ಬೆಂಕಿ. ಪೆಟ್ರೋಲಿನ ಟ್ಯಾಂಕ್ ಅಲ್ಲಿಂದ ದೂರವೇನಿಲ್ಲ. ತೊಟ್ಟಿಲುಗಳ ಸ್ಥಿತಿಯನ್ನೂ ನೋಡಬೇಕು. ದಶಕಗಳಿಂದ ತೊಟ್ಟಿಕ್ಕಿದ ಆಮ್ಲ ಅಲ್ಲಿನ ಕಬ್ಬಿಣವನ್ನು ತಿಂದಿರುತ್ತದೆ. ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದರೆ ನೊರೆಯೆದ್ದು ಆಮ್ಲ ತಟಸ್ಥವಾಗುತ್ತದೆ. ಬಳಿಕ ಒಣಗಿಸಿ ಬಣ್ಣ ಬಳಿಯಬೇಕು.

ಆಮ್ಲ ಚೆಲ್ಲುವುದೇ ಬೇಡವೆನ್ನುವವರಿಗೆ ಗಾಜಿನ ನಾರಿನ ಹಾಸಿನಲ್ಲಿ ಆಮ್ಲವನ್ನು ಹೀರಿಸಿಟ್ಟ ಬ್ಯಾಟರಿಗಳಿವೆ. ಅವುಗಳಲ್ಲಿ ಕೆಲವಕ್ಕೆ ಫಲಕಗಳನ್ನು ಸುರುಳಿ ಸುತ್ತಿಯೇ ಇಟ್ಟಿರುತ್ತಾರೆ. ಪ್ಲಾಂಟೆಯ ಚಾಪೆ ನೂರು ವರ್ಷ ಕಳೆದು ಮರಳಿ ಬಂದಿತು! ನೆಲದಡಿಯಲ್ಲಿ ಬ್ಯಾಟರಿಯಿರುವ ಈ ಕಾರಿಗೆ ಅದು ಒಳ್ಳೆಯ ಆಯ್ಕೆ, ಬೆಲೆ ಹೆಚ್ಚಾದರೂ. ಲಿಥಿಯಂ ಬ್ಯಾಟರಿಯ ವಿಚಾರವನ್ನೂ ಅವನು ಎತ್ತಿದ್ದ. ಹಗುರವೇನೋ ಹೌದು. ಆದರೆ ಅದಕ್ಕೆ ಊಡುವ ವೋಲ್ಟೇಜು ಕರಾರುವಾಕ್ಕಾಗಿರಬೇಕು, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜು ಮಾಡುವುದೂ ಒಳ್ಳೆಯದಲ್ಲ. 1966ರ ಡೈನಮೋ ಮತ್ತು ಅದರ ನಿಯಂತ್ರಕದಿಂದ ಅಂಥ ಶಿಸ್ತನ್ನು ನಿರೀಕ್ಷಿಸುವುದು ತಾತನಿಗೆ ಕಂಪ್ಯೂಟರ್ ಕಲಿಸಿದಂತೆ. (ತಾತ ಕಲಿಯಬಲ್ಲ, ಇದನ್ನು ಬರೆಯುತ್ತಿರುವವನೇ ಸಾಕ್ಷಿ, ಡೈನಮೋ ಕಲಿಯಲಾರದು.)

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಯನ್ನು ಕಾರಿನ ಮೈಗೆ ಜೋಡಿಸುತ್ತಾರೆ. 1930ರ ದಶಕದಿಂದ 1960ರ ದಶಕದವರೆಗಿನ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಇದು ತಿರುವುಮುರುವು. ಮೈಗೆ ಜೋಡಿಸುತ್ತಿದ್ದುದು ಧನ ತುದಿಯನ್ನು. ಸಂಪರ್ಕಗಳು ಕಿಲುಬುವುದು ಕಡಿಮೆಯಾಗುತ್ತದೆ ಎಂಬುದು ಅದಕ್ಕೆ ಹೇಳುತ್ತಿದ್ದ ಕಾರಣಗಳಲ್ಲೊಂದು. ಡಯೋಡುಗಳುಳ್ಳ ಆಲ್ಟರ್ನೇಟರ್ ಬಂದಾಗ ಕಾಲ ಬದಲಾಯಿತು. 1967ರ ಕೊನೆಯಲ್ಲಿ ಎಂ.ಜಿ.ಬಿ. ಆಲ್ಟರ್ನೇಟರನ್ನೂ ಋಣ ಜೋಡಣೆಯನ್ನೂ ಒಟ್ಟಿಗೆ ಸ್ವೀಕರಿಸಿತು. ನನ್ನ ವಿದ್ಯಾರ್ಥಿಯ ಕಾರು ಅದಕ್ಕೆ ಒಂದು ವರ್ಷ ಹಿಂದಿನದು. ಹಾಗೆಂದು ಧನ ಜೋಡಣೆಯೇ ಇದೆಯೆಂದು ನಂಬುವಂತೆಯೂ ಇಲ್ಲ. ಇಷ್ಟು ವರ್ಷಗಳಲ್ಲಿ ಯಾವ ಒಡೆಯನೋ ರೇಡಿಯೋ ಹಾಕಿಸಲೆಂದು ಬದಲಿಸಿರಬಹುದು. ಹಾಗೆ ಬದಲಿಸಿದ ಕಾರುಗಳು ಬಹಳ. ಪುಸ್ತಕ ಏನು ಹೇಳುತ್ತದೆ ಎಂಬುದನ್ನು ಬದಿಗಿಟ್ಟು, ಮೈಗೆ ಬಿಗಿದ ತಂತಿ ಯಾವ ಕಂಬದಿಂದ ಬಂದಿದೆ ಎಂದು ಕಣ್ಣಾರೆ ನೋಡಿ, ಕಾಗದದ ಮೇಲೆ ಚಿತ್ರ ಬರೆದಿಟ್ಟುಕೊಂಡೇ ಹಳೆಯದನ್ನು ಕಳಚಬೇಕು. ಎರಡು ಕಂಬಗಳಲ್ಲಿ ಧನದ್ದು ತುಸು ದಪ್ಪ ಎಂಬುದೊಂದು ಗುರುತು.

ಕಳಚುವ ಕ್ರಮದಲ್ಲೂ ಒಂದು ಎಚ್ಚರಿಕೆ ಬೇಕು. “ಮೊದಲು ಋಣ ತುದಿಯನ್ನು ಬಿಚ್ಚು” ಎಂದು ಇಂದಿನ ಮೆಕ್ಯಾನಿಕ್‌ಗಳೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಮೈಗೆ ಜೋಡಿಸಿರುವುದು ಋಣ ತುದಿಯಾದರೆ ಮಾತ್ರ ಅದು ಸರಿ. ನಿಯಮದ ತಿರುಳು ಏನೆಂದರೆ, ಮೈಗೆ ಜೋಡಿಸಿದ ತುದಿಯನ್ನು ಮೊದಲು ಬಿಚ್ಚಬೇಕು. ಆಮೇಲೆ ಸ್ಪ್ಯಾನರ್ ಕೈಜಾರಿ ಕಬ್ಬಿಣಕ್ಕೆ ತಗುಲಿದರೂ ಕಿಡಿ ಹಾರದು. ಈ ಕಾರಿನಲ್ಲಿ ಹಳೆಯ ಜೋಡಣೆಯೇ ಉಳಿದಿದ್ದರೆ ಅದು ಧನ ತುದಿ. ಅದನ್ನು ಬಿಚ್ಚಿ, ಬಳಿಕ ಎರಡು ಬ್ಯಾಟರಿಗಳ ನಡುವಣ ತುಂಡು ತಂತಿ, ಕೊನೆಗೆ ಸ್ಟಾರ್ಟರಿಗೆ ಹೋಗುವ ತಂತಿ. ಹೊಸದನ್ನು ಕೂರಿಸುವಾಗ ಸ್ಟಾರ್ಟರಿನ ತಂತಿ ಮೊದಲು, ಮೈಯ ತಂತಿ ಕೊನೆಗೆ. ಒಂದೇ ಬ್ಯಾಟರಿ ಹಾಕಿದರೆ ನಡುವಣ ತುಂಡು ತಂತಿಗೆ ಕೆಲಸವಿಲ್ಲ. ಅದನ್ನು ಎಸೆಯದೆ, ಹೆಸರು ಬರೆದ ಚೀಟಿ ಕಟ್ಟಿ, ಖಾಲಿಯಾದ ಇನ್ನೊಂದು ತೊಟ್ಟಿಲಿನಲ್ಲೇ ಇಟ್ಟಿರುವಂತೆ ಅವನಿಗೆ ಹೇಳಿದ್ದೇನೆ. ಮುಂದೆ ಆ ಕಾರು ಯಾರ ಕೈಸೇರುತ್ತದೆಯೋ, ಅವರಿಗೆ ಬೇಕಾಗಬಹುದು.